ರೇಣವ್ವನ ಗಂಟಲು, ನನ್ನ ಬೆನ್ನು

ಸವಿತಾ ಬರುವ ತಿಂಗಳು ನರ್ಸಿಂಗ್ ಓದಲು ಸೇರುತ್ತಾಳೆ. ಮೊನ್ನೆ ಚಹಾ ಕುಡಿಯುತ್ತ ಕುಳಿತಾಗ, "ಅಜ್ಜೀ, ನೀ ದವಾಖಾನ್ಯಾಗ ಖರೇನ ಏನ್ ಮಾಡ್ತಿದ್ದಿ?" ಎಂದು ಕೇಳಿದಳು. "ಏನಿಲ್ಲವಾ, ಸಾಮಾನು ತೊಳೀತಿದ್ದೆ" ಎಂದೆ. ಅವಳ ತಮ್ಮ ಮಂಜು ನಕ್ಕುಬಿಟ್ಟ. "ಇಷ್ಟು ವರ್ಷ ಬರೇ ಸಾಮಾನು ತೊಳದಿದ್ರ ಅವು ಸವದ ಹೋಗಿರ್ತಿದ್ವು" ಎಂದ.

ಹುಡುಗ ಹೇಳಿದ್ದು ಸರಿ. ಆದರೆ ಮಾತಿನಲ್ಲಿ ನಾನು ಎಂದೂ ಮುಂದೆ ಬಂದವಳಲ್ಲ. ಮನೆಗೆ ನಾಲ್ಕು ಜನ ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುವವಳು. ನರಗುಂದದ ಕಡೆಯ ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದರಿಂದ ಅಕ್ಷರ ಮಾತ್ರ ದುಂಡಗಿವೆ. ಹೇಳಲಾಗದ್ದನ್ನು ಬರೆದಿಡುತ್ತೇನೆ, ನೀವಿಬ್ಬರೂ ಓದಿಕೊಳ್ಳಿ. ಸವಿತಾಳ ಪುಸ್ತಕದಲ್ಲಿ ಇರುವುದು ಇದರಲ್ಲಿ ಇರಲಿಕ್ಕಿಲ್ಲ. ಇದರಲ್ಲಿ ಇರುವುದು ಅವಳ ಪುಸ್ತಕದಲ್ಲಿಯೂ ಇರಲಿಕ್ಕಿಲ್ಲ.

ನಿಮ್ಮ ಅಜ್ಜ ಗಜೇಂದ್ರಗಡದಲ್ಲಿ ಕೈಮಗ್ಗ ನೇಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಒಬ್ಬಳೇ ಮಗ್ಗ ನಡೆಸುವುದು ನನ್ನಿಂದ ಆಗಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಿವಿ, ಮೂಗು, ಗಂಟಲಿನ ದವಾಖಾನೆ ಇತ್ತು. ಕಸ ಹೊಡೆಯಲು ಹೆಂಗಸು ಬೇಕೆಂದು ಯಾರೋ ಹೇಳಿದರು. ಹೋದೆ. ಮೊದಲ ವರ್ಷ ನೆಲ ಒರೆಸಿದೆ. ಆಮೇಲೆ ಆಪರೇಶನ್ ಕೋಣೆಯ ಸಾಮಾನು ಕುದಿಸಲು ಹಚ್ಚಿದರು. ಅಲ್ಲಿಂದ ಮುಂದೆ ನನ್ನ ಕೆಲಸಕ್ಕೆ ಯಾರೂ ಹೆಸರಿಡಲಿಲ್ಲ. ರೋಗಿಗಳು ಅಕ್ಕಾರ ಎನ್ನುತ್ತಿದ್ದರು, ಅಷ್ಟೇ.

ನನಗೆ ಕೆಲಸ ಕಲಿಸಿದವರು ಸರೋಜಾ ಸಿಸ್ಟರ್. ದಿನಾ ರೋಣದಿಂದ ಬಸ್ಸಿಗೆ ಬರುತ್ತಿದ್ದರು. ಬಸ್ಸಿನಲ್ಲಿ ಸೀಟು ಸಿಗದ ದಿನ ಅವರ ಎದುರು ಯಾರೂ ನಿಲ್ಲುತ್ತಿರಲಿಲ್ಲ. ಆಗ ಗಂಟಲು ನೋಡಲು ಉದ್ದ ಹಿಡಿಯ ಸಣ್ಣ ದುಂಡು ಕನ್ನಡಿ ಇರುತ್ತಿತ್ತು. ಡಾಕ್ಟರ್ ಸಾಹೇಬರು ಅದನ್ನು ರೋಗಿಯ ಬಾಯಿಯೊಳಗೆ ಹಿಡಿದು ಧ್ವನಿಪೆಟ್ಟಿಗೆ ನೋಡುತ್ತಿದ್ದರು. ಕನ್ನಡಿಯನ್ನು ಮೊದಲು ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಬೇಕು. ಇಲ್ಲದಿದ್ದರೆ ರೋಗಿಯ ಉಸಿರಿಗೆ ಮಂಜು ಕವಿದು ಏನೂ ಕಾಣುವುದಿಲ್ಲ. ಹೆಚ್ಚು ಬಿಸಿಯಾದರೆ ಒಳಗೆ ಸುಡುತ್ತದೆ. ಅದಕ್ಕೇ ಮುಂಗೈ ಮೇಲೆ ತಾಗಿಸಿ ನೋಡಿ ಕೊಡಬೇಕು. ಕಲಿಯುವಾಗ ನಾನು ಒಂದು ಸಲ ಬಹಳ ಹೊತ್ತು ದೀಪದ ಮೇಲೆ ಹಿಡಿದೆ. ಸಿಸ್ಟರ್ ಅದನ್ನು ಕೈಯಿಂದ ಕಸಿದುಕೊಂಡು, "ಏನ್ ಗಿರಿಜಾ, ಗಂಟಲಾ ನೋಡಾಕ ಕೊಡ್ತೀಯೋ, ರೊಟ್ಟಿ ಸುಡಾಕ ಕೊಡ್ತೀಯೋ?" ಎಂದರು. ರೋಗಿ ಬಾಯಿ ತೆರೆದುಕೊಂಡೇ ನಕ್ಕ. ನನಗೆ ಅಳು ಬಂತು. ಆದರೆ ಆಮೇಲೆ ಒಂದು ದಿನವೂ ಕನ್ನಡಿ ಸುಟ್ಟಿಲ್ಲ.

ನಿಮ್ಮ ಅಜ್ಜನ ಮಗ್ಗದಿಂದ ಒಂದು ವಿದ್ಯೆ ಮಾತ್ರ ನನ್ನ ಜೊತೆ ದವಾಖಾನೆಗೆ ಬಂತು. ಉಸಿರಿಗಾಗಿ ಕುತ್ತಿಗೆಯಲ್ಲಿ ತೂತು ಮಾಡಿ ನಳಿಗೆ ಇಟ್ಟವರಿಗೆ, ಆ ನಳಿಗೆ ಕೆಮ್ಮಿದಾಗ ಹಾರಿಹೋಗದಂತೆ ಕುತ್ತಿಗೆ ಸುತ್ತ ಲಾಡಿ ಕಟ್ಟುತ್ತಾರೆ. ಸಡಿಲಾದರೆ ನಳಿಗೆ ಹೊರಗೆ, ಬಿಗಿಯಾದರೆ ಕುತ್ತಿಗೆಗೆ ಉರುಲು. ಕಡಿದ ಎಳೆ ಜೋಡಿಸುವಾಗ ಹಾಕುವ ಗಂಟನ್ನು ನಾನು ಹಾಕುತ್ತಿದ್ದೆ, ಲಾಡಿಯ ಕೆಳಗೆ ಒಂದು ಬೆರಳು ಹೋಗುವಷ್ಟು ಜಾಗ ಬಿಟ್ಟು. ಸವಿತಾ, ಈಗ ಅಂಟಿಸುವ ಪಟ್ಟಿಗಳು ಬಂದಿವೆ. ಬೆರಳಿನ ಜಾಗ ಮಾತ್ರ ಅವಕ್ಕೂ ಬೇಕು.

ಕೆಲಸದಲ್ಲಿ ನನ್ನ ಪಾಲಿಗೆ ಹೆಚ್ಚು ಬಂದದ್ದು ಧ್ವನಿಪೆಟ್ಟಿಗೆ ಕಿರಿದಾದವರ ಸೇವೆ. ಅದೇನೆಂದು ಹೇಳಬೇಕು. ನಮ್ಮ ಕೈಗೆ ಸುಟ್ಟ ಗಾಯವಾಗಿ ಮಾಗಿದಾಗ ಚರ್ಮ ಗಟ್ಟಿಯಾಗಿ ಸೆಳೆದುಕೊಳ್ಳುತ್ತದಲ್ಲ, ಹಾಗೆಯೇ ಗಂಟಲೊಳಗೂ ಆಗುತ್ತದೆ. ಯಾವುದೋ ಕಾರಣಕ್ಕೆ ಒಳಗೆ ಗಾಯವಾಗುತ್ತದೆ, ಅದು ಮಾಗುತ್ತ ಕಲೆ ಕಟ್ಟುತ್ತದೆ, ಕಲೆ ಸುತ್ತಲಿಂದ ಬಿಗಿಯುತ್ತದೆ. ಉಸಿರಿನ ದಾರಿ ಹೆಬ್ಬೆರಳಿನಷ್ಟು ಇದ್ದದ್ದು ಪೆನ್ಸಿಲಿನಷ್ಟಾಗುತ್ತದೆ, ಒಮ್ಮೊಮ್ಮೆ ಅದಕ್ಕೂ ಸಣ್ಣದು. ಮೊದಲೆಲ್ಲ ಸಾಹೇಬರು ಸಣ್ಣದರಿಂದ ದೊಡ್ಡದರವರೆಗಿನ ಸಲಾಕೆಗಳನ್ನು ಒಂದಾದಮೇಲೊಂದು ಹಾಕಿ ಹಿಗ್ಗಿಸುತ್ತಿದ್ದರು. ಕೆಲವು ವಾರ ಉಸಿರು ಸಲೀಸು. ಆಮೇಲೆ ಮತ್ತೆ ಬಿಗಿತ. ಹಿಗ್ಗಿಸಿದ್ದೇ ಹೊಸ ಗಾಯವಾಗಿ ಹೊಸ ಕಲೆ ಕಟ್ಟುತ್ತಿತ್ತು. ಹಾಗೆ ಬಂದು ಬಂದು ಹೋಗುವವರು ನಮಗೆ ಬೀಗರಿಗಿಂತ ಹೆಚ್ಚು ಪರಿಚಯವಾಗುತ್ತಿದ್ದರು.

ಅಂಥವರಲ್ಲಿ ನರಗುಂದದ ಹಮಾಲರೊಬ್ಬರಿದ್ದರು. ಟ್ರ್ಯಾಕ್ಟರಿನ ಟ್ರೇಲರಿಗೆ ಕಟ್ಟಿದ ಹಗ್ಗ ಕಡಿದು ಕುತ್ತಿಗೆಗೆ ಬಡಿದು ಗಂಟಲು ಒಡೆದಿತ್ತು. ಕುತ್ತಿಗೆಯಲ್ಲಿ ನಳಿಗೆ ಇತ್ತು, ದನಿ ಇರಲಿಲ್ಲ. ಸಾಹೇಬರು ಅವರಿಗೆ ಬೀಡಿ ಬಿಡಲು ಹೇಳಿ ಹೇಳಿ ಬೇಸತ್ತಿದ್ದರು. ಒಂದು ದಿನ ಹಿತ್ತಲಿನ ನೀರಿನ ಟಾಕಿಯ ಹಿಂದೆ ಹೊಗೆ ಎದ್ದಿತು. ನಾನೂ ಸಿಸ್ಟರೂ ಹೋಗಿ ನೋಡಿದರೆ ಹಮಾಲರು ಕುಕ್ಕರಗಾಲಲ್ಲಿ ಕುಳಿತು, ಬೀಡಿಯನ್ನು ಕುತ್ತಿಗೆಯ ನಳಿಗೆಗೇ ಇಟ್ಟು ಸೇದುತ್ತಿದ್ದರು.

"ಏನ್ ಅಜ್ಜಾರ, ಇದೇನ್ ಮಾಡಾಕತ್ತೀರಿ!" ಎಂದು ಸಿಸ್ಟರ್ ಕೂಗಿದರು.

ಹಮಾಲರು ಗಾಬರಿಯಾಗಲಿಲ್ಲ. ಬಾಯಿ ತೋರಿಸಿದರು, ಕೈ ಅಲ್ಲಾಡಿಸಿ ಇಲ್ಲ ಎಂದರು. ನಳಿಗೆ ತೋರಿಸಿದರು, ಎರಡೂ ಕೈ ಮೇಲೆತ್ತಿ ಸಾಹೇಬರ ಕೋಣೆಯ ಕಡೆ ಮುಗಿದರು. ಸಿಸ್ಟರ್ ನನ್ನ ಕಡೆ ತಿರುಗಿ, "ತಿಳೀತೇನು? ಬಾಯಿಲೆ ಸೇದಬ್ಯಾಡ ಅಂದಾರ, ಕುತಗಿಲೆ ಸೇದಬ್ಯಾಡ ಅಂತ ಸಾಹೇಬ್ರು ಹೇಳೇ ಇಲ್ಲಂತ" ಎಂದರು. ಆವತ್ತಿನಿಂದ ಸಾಹೇಬರು ಯಾವ ರೋಗಿಗೂ ಏನು ಮಾಡಬಾರದೆಂದು ಹೇಳುವಾಗ ಒಂದು ಗಳಿಗೆ ನಿಂತು, ಬೇರೆ ಯಾವ ದಾರಿಯಿಂದ ಇವರು ಅದನ್ನೇ ಮಾಡಬಹುದು ಎಂದು ಯೋಚಿಸಿ ಹೇಳುವುದನ್ನು ರೂಢಿ ಮಾಡಿಕೊಂಡರು. ಆದರೂ ಒಂದು ದಾರಿ ಅವರ ಯೋಚನೆಯಿಂದ ತಪ್ಪಿಸಿಕೊಂಡಿತು. ಅದೇ ರೇಣವ್ವನ ಕಥೆ.

ಆ ಹೊತ್ತಿಗೆ ಕಾಲ ಬದಲಾಗಿತ್ತು. ಕನ್ನಡಿಯ ಬದಲು ಮೂಗಿನಿಂದ ಬಿಡುವ ತೆಳ್ಳನೆಯ ಕ್ಯಾಮೆರಾ ಬಂದಿತ್ತು. ಮೊದಲು ಸಾಹೇಬರು ಒಬ್ಬರೇ ನೋಡುತ್ತಿದ್ದುದನ್ನು ಈಗ ಟೀವಿಯಲ್ಲಿ ಎಲ್ಲರೂ ನೋಡುತ್ತಿದ್ದೆವು. ಧ್ವನಿತಂತುಗಳು ಎರಡು ಬೆಳ್ಳನೆಯ ಪಟ್ಟಿಗಳು, ಉಸಿರೆಳೆದಾಗ ಬಾಗಿಲ ಹಾಗೆ ತೆರೆಯುತ್ತವೆ, ಮಾತಾಡಿದಾಗ ಕೂಡುತ್ತವೆ. ಮೊದಲ ಸಲ ನೋಡಿದಾಗ ನಾನು ಎರಡು ದಿನ ಯಾರ ಜೊತೆ ಮಾತಾಡಿದರೂ ಅವರ ಕುತ್ತಿಗೆ ನೋಡುತ್ತಿದ್ದೆ.

ರೇಣವ್ವ ಸೂಡಿಯವಳು. ಗಂಡ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಇವಳು ತವರಿನಲ್ಲಿ ತಮ್ಮ ಬಸುವಿನ ಜೊತೆ ಇದ್ದು ಹೊಲದ ಕೂಲಿ ಮಾಡುತ್ತಿದ್ದಳು. ಬಣವೆಯಿಂದ ಜೋಳದ ಕಣಿಕೆ ಹಿರಿಯುವಾಗ ಕೈಗೆ ಹಾವು ಕಚ್ಚಿತು. ಬಸು ಬೈಕಿನಲ್ಲಿ ಅಕ್ಕನನ್ನು ತನ್ನ ಸೊಂಟಕ್ಕೆ ಟವೆಲಿನಿಂದ ಕಟ್ಟಿಕೊಂಡು ಗಜೇಂದ್ರಗಡಕ್ಕೆ ತಂದ. ಅಲ್ಲಿಂದ ಅಂಬ್ಯುಲೆನ್ಸಿನಲ್ಲಿ ದೊಡ್ಡ ದವಾಖಾನೆ. ವಿಷಕ್ಕೆ ಉಸಿರು ನಿಂತು, ಬಾಯಿಯಿಂದ ಗಂಟಲಿಗೆ ನಳಿಗೆ ಹಾಕಿ ಯಂತ್ರದ ಮೇಲೆ ಬಹಳ ದಿನ ಇಟ್ಟರು. ಬದುಕಿ ಮನೆಗೆ ಬಂದಳು. ಊರೆಲ್ಲ ಬಂದು ಮಾತಾಡಿಸಿತು.

ತಿಂಗಳು ಕಳೆಯುವುದರೊಳಗೆ ಉಸಿರು ಸುಂಯ್ ಎನ್ನತೊಡಗಿತು. ದಮ್ಮು ಎಂದು ಒಂದೆರಡು ಕಡೆ ಔಷಧಿ ಕೊಟ್ಟರು, ಬಾಯಿಗೆ ಇಟ್ಟು ಎಳೆಯುವ ಪಂಪು ಕೊಟ್ಟರು. ಕಡಿಮೆಯಾಗಲಿಲ್ಲ. ನಮ್ಮಲ್ಲಿಗೆ ಬಂದಾಗ ಬಾಗಿಲ ಹೊರಗಿನಿಂದಲೇ ಅವಳ ಉಸಿರು ಕೇಳುತ್ತಿತ್ತು. ಸಾಹೇಬರು ಸ್ಟೆತಾಸ್ಕೋಪನ್ನು ಎದೆಗೆ ಇಟ್ಟರು, ಆಮೇಲೆ ಕುತ್ತಿಗೆಗೆ ಇಟ್ಟು ಬಹಳ ಹೊತ್ತು ಕೇಳಿದರು. ಕ್ಯಾಮೆರಾ ಬಿಟ್ಟರು. ಧ್ವನಿತಂತುಗಳ ಕೆಳಗೆ ಬಿಳಿ ಕಲೆ, ನಡುವೆ ಸಣ್ಣ ತೂತು.

"ನೋಡವಾ, ಹಾವು ನಿನ್ನ ಬಿಟ್ಟೈತಿ. ಜೀವಾ ಉಳಿಸಿದ ನಳಿಗಿ ಕುಂತಲ್ಲೆ ಗಾಯ ಮಾಡಿ ಹೋಗೈತಿ" ಎಂದರು ಸಾಹೇಬರು.

ರೇಣವ್ವ ಉಸಿರಿಗೊಂದು ಮಾತು ಆಡುತ್ತ, "ಅಂದ್ರ... ಸಾಯೋದು... ಹಾವಿಂದಲ್ರಿ... ದವಾಖಾನಿಂದ" ಎಂದಳು. ಆ ಸ್ಥಿತಿಯಲ್ಲಿಯೂ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ.

ಅವತ್ತೇ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ದಾರಿ ಕೊಟ್ಟರು. ಸುಂಯ್ ಸಪ್ಪಳ ನಿಂತಿತು, ಜೊತೆಗೆ ದನಿಯೂ ನಿಂತಿತು. ಮಾತಿನಮಲ್ಲಿ ಚಪ್ಪಾಳೆಯಲ್ಲಿ ಮಾತಾಡತೊಡಗಿದಳು. ನೀರು ಬೇಕಾದರೆ ಒಂದು ಚಪ್ಪಾಳೆ, ಕಫ ಎಳೆಯಬೇಕಾದರೆ ಎರಡು. ಸಿಸ್ಟರ್ ಮೇಲೆ ಸಿಟ್ಟು ಬಂದರೆ ಚಪ್ಪಾಳೆ ನಿಲ್ಲುತ್ತಲೇ ಇರಲಿಲ್ಲ. ಸಿಸ್ಟರ್, "ನನ್ನ ಭಾಷಣ ಮುಗಿದಿಲ್ಲವಾ, ಈಗ ಚಪ್ಪಾಳಿ ಹೊಡೀಬ್ಯಾಡ" ಎನ್ನುತ್ತಿದ್ದರು.

ಕಲೆ ತೆಗೆಯುವ ಆಪರೇಶನ್ ನಮ್ಮಲ್ಲಿ ಆಗುವಂಥದ್ದಲ್ಲ. ಸಾಹೇಬರು ಹುಬ್ಬಳ್ಳಿಯ ಒಂದು ದವಾಖಾನೆಗೆ ಹೋಗಿ ಅಲ್ಲಿನ ಡಾಕ್ಟರರ ಜೊತೆ ಮಾಡಿದರು. ಹೆಂಗಸು ರೋಗಿ, ಜೊತೆಗೆ ಹೆಂಗಸು ಬೇಕೆಂದು ನನ್ನನ್ನೂ ಕರೆದುಕೊಂಡು ಹೋದರು. ಬಾಯಿಯಿಂದಲೇ ಉಕ್ಕಿನ ಕೊಳವೆ ಇಳಿಸಿ, ಅದರೊಳಗಿಂದ ಕಲೆಯನ್ನು ಲೇಸರಿನಿಂದ ಗಾಲಿಯ ಅರಗಳ ಹಾಗೆ ಸೀಳಿ, ಸಣ್ಣ ಬಲೂನು ಉಬ್ಬಿಸಿ ಅಗಲ ಮಾಡಿದರು. ಪೂರ್ತಿ ಸುತ್ತ ಕತ್ತರಿಸಿದರೆ ಮತ್ತೆ ಸುತ್ತಲೂ ಕಲೆ ಕಟ್ಟುತ್ತದೆ. ಅಲ್ಲಲ್ಲಿ ಸೀಳಿ, ನಡುನಡುವೆ ಒಳ್ಳೆಯ ಚರ್ಮ ಉಳಿಸಬೇಕು. ಮತ್ತೆ ಕೂಡಬಾರದೆಂದು ಒಳಗೆ ಮೆತ್ತನೆಯ ಸಿಲಿಕಾನ್ ನಳಿಗೆ ಕೂಡಿಸಿದರು. ಇಂಗ್ಲಿಷಿನ ಟಿ ಅಕ್ಷರದ ಹಾಗೆ ಇರುತ್ತದೆ. ಒಂದು ತುದಿ ಮೇಲೆ, ಒಂದು ಕೆಳಗೆ, ಮೂರನೆಯದು ಕುತ್ತಿಗೆಯಿಂದ ಹೊರಗೆ. ಹೊರಗಿನ ತುದಿಗೆ ಬಿರಡೆ ಹಾಕಿದರೆ ಉಸಿರು ಬಾಯಿ ಮೂಗಿನಿಂದಲೇ ಆಡುತ್ತದೆ, ಮಾತೂ ಬರುತ್ತದೆ.

ಬಿರಡೆ ಹಾಕಿದ ದಿನ ನಾನು ಅಲ್ಲಿಯೇ ಇದ್ದೆ. ಸಾಹೇಬರು "ಏನರ ಮಾತಾಡು" ಎಂದರು. ರೇಣವ್ವ ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಒಡೆದ, ಒರಟು ದನಿಯಲ್ಲಿ, "ಅಕ್ಕಾರ... ಇದ ಯಾರ ದನಿ?" ಎಂದಳು.

"ನಿಂದವಾ."

"ನನ್ನದೆಲ್ಲಿದ್ರಿ. ಇದು ನಮ್ಮ ಸತ್ತ ದೊಡ್ಡಪ್ಪಂದು" ಎಂದು ಹೇಳಿ ಅತ್ತಳು, ಅಳುವಿನಲ್ಲೂ ಆ ದೊಡ್ಡಪ್ಪನ ದನಿಯೇ ಬಂದದ್ದಕ್ಕೆ ನಕ್ಕಳು.

ಆ ನಳಿಗೆ ಬಹಳ ತಿಂಗಳು ಅವಳ ಗಂಟಲಲ್ಲಿ ಇರಬೇಕಿತ್ತು. ಒಳಗೆ ಕಫ ಒಣಗಿ ಕಟ್ಟಬಾರದು. ಬೆಳಿಗ್ಗೆ ಸಂಜೆ ಉಪ್ಪುನೀರಿನ ಹನಿ ಬಿಟ್ಟು, ಸಣ್ಣ ನಳಿಗೆಯಿಂದ ಕಫ ಹೀರಿ ತೆಗೆಯಬೇಕು. ಬಸುವಿಗೆ ಕಲಿಸಿದೆ. ಬಸುವಿನ ಹೆಂಡತಿ ಬಸುರಿ ಇದ್ದಳು, ಅವಳಿಗೂ ಕಲಿಸಿದೆ. ವಾರಕ್ಕೊಮ್ಮೆ ಬಸ್ಸು ಹತ್ತಿ ಸೂಡಿಗೆ ನಾನೇ ಹೋಗುತ್ತಿದ್ದೆ. ರೇಣವ್ವ ಕುತ್ತಿಗೆಗೆ ಸೆರಗು ಸುತ್ತಿಕೊಂಡೇ ಬಾಗಿಲಿಗೆ ಬರುತ್ತಿದ್ದಳು. ನಮ್ಮ ಕಡೆಯ ಹೆಂಗಸರ ಈ ರೂಢಿಯನ್ನು ಸವಿತಾ ನೆನಪಿಡಬೇಕು. ನಳಿಗೆ ಕಾಣಬಾರದೆಂದು ಸೆರಗನ್ನು ಬಿಗಿಯಾಗಿ ಎಳೆದುಕೊಳ್ಳುತ್ತಾರೆ, ಕೆಮ್ಮಿದಾಗ ಬಟ್ಟೆ ಒದ್ದೆಯಾಗಿ ಅಂಟುತ್ತದೆ. ನಾನು ತೆಳುವಾದ ಹತ್ತಿಯ ಬಟ್ಟೆ ತಂದು ಸಡಿಲವಾಗಿ ಇಳಿಬಿಡುವಂತೆ ಎರಡು ಕುತ್ತಿಗೆಪಟ್ಟಿ ಹೊಲಿದುಕೊಟ್ಟೆ. ಒಂದಕ್ಕೆ ಅಂಚು ಕೆಂಪು, ಒಂದಕ್ಕೆ ಹಸಿರು. ಅವಳು ಕೆಂಪಿನದನ್ನು ಎತ್ತಿಟ್ಟಳು.

"ಯಾಕ?"

"ಬಸುನ ಕೂಸಿನ ತೊಟ್ಟಲಕ್ಕ ಹಾಕ್ಕೋತೀನ್ರಿ. ಹೆಸರು ಇಡಾಕಿ ನಾನ ಅಲ್ಲೇನು? ಬೈಕ್ ಮ್ಯಾಲ ಬಸು ಅಂದಾನ. ಅಕ್ಕಾ, ಕಣ್ಣು ಮುಚ್ಚಬ್ಯಾಡ, ಮುಂದ ನನಗ ಕೂಸು ಹುಟ್ಟಿದ್ರ ಹೆಸರು ಯಾರು ಇಡೋರು, ಅಂತ. ನನಗ ಹಾವು ಕಚ್ಚಿದ್ದು ನೆನಪಿಲ್ರಿ, ಅದೊಂದು ಮಾತು ನೆನಪೈತಿ."

ಮಂಜು, ನಿನಗೆ ಈ ಪದ್ಧತಿ ಗೊತ್ತಿರಲಿಕ್ಕಿಲ್ಲ. ನಿನ್ನ ತೊಟ್ಟಿಲ ದಿನ ನೀನು ನಿದ್ದೆ ಮಾಡುತ್ತಿದ್ದೆ. ಕೂಸಿನ ಸೋದರತ್ತೆ ತೊಟ್ಟಿಲ ಮೇಲೆ ಬಾಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಾಳೆ. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಚೇಷ್ಟೆಗೆ ಗುದ್ದುವುದು. ಆದರೆ ರೊಟ್ಟಿ ಬಡಿದ ಕೈಗಳು. ಚೇಷ್ಟೆಯೂ ಜೋರಾಗಿಯೇ ಇರುತ್ತದೆ.

ಬಸುವಿನ ಹೆಂಡತಿ ತವರು ಇಟಗಿಗೆ ಹೋಗಿ ಹೆಣ್ಣು ಹೆತ್ತಳು. ಅದೇ ವಾರ ರೇಣವ್ವನ ನಳಿಗೆ ತೆಗೆಯುವುದಿತ್ತು. ತೆಗೆದರು. ಒಳಗೆ ದಾರಿ ಚೆನ್ನಾಗಿ ತೆರೆದಿತ್ತು. ಕುತ್ತಿಗೆಯ ತೂತು ತಾನಾಗಿ ಮುಚ್ಚಬೇಕು. ಅಲ್ಲಿಯವರೆಗೆ ಮೇಲೊಂದು ಪಟ್ಟಿ, ಮಾತಾಡುವಾಗ ಅದರ ಮೇಲೆ ಬೆರಳು. ಸಾಹೇಬರು ಎದುರಿಗೆ ಕುಳಿತು ಹೇಳಿದರು:

"ಇನ್ನ ಕೆಲವು ವಾರ ಭಾಳ ನಾಜೂಕು. ಕಲೆ ತಿರುಗಿ ಕಟ್ಟಾಕ ನೋಡತೈತಿ. ಕೂಗಬ್ಯಾಡ. ಜಗಳಾಡಬ್ಯಾಡ. ಭಾರ ಎತ್ತಬ್ಯಾಡ. ಕೆಮ್ಮು ಬಂದ್ರ ತೂತು ಒತ್ತಿ ಹಿಡಿ, ಇಲ್ಲಂದ್ರ ಗಾಳಿ ಚರ್ಮದ ಕೆಳಗ ಸೇರತೈತಿ." ಹಮಾಲರನ್ನು ನೆನೆದು ಒಂದು ಗಳಿಗೆ ನಿಂತು, "ಹಾಡೂ ಬ್ಯಾಡ" ಎಂದರು.

"ಕಟ್ಟಿದ್ರ ಏನ್ರಿ?" ಎಂದಳು ರೇಣವ್ವ.

"ಕಟ್ಟಿದ್ರ ಮತ್ತ ನಳಿಗಿ. ಅದಕ್ಕೂ ಬಗ್ಗಲಿಲ್ಲ ಅಂದ್ರ ಕುತಗಿ ತೆರೆದು ದೊಡ್ಡ ಆಪರೇಶನ್. ಇಲ್ಲಾ, ಜೀವಮಾನ ಇಡೀ ಕುತಗ್ಯಾಗ ತೂತು."

ವಾರದ ಮೇಲೆ ತಪಾಸಣೆಗೆ ಬಂದಳು. ನಾನು ಪಟ್ಟಿ ಬಿಚ್ಚುವಾಗಲೇ ಕೇಳಿಸಿತು. ಬಹಳ ಸಣ್ಣದು, ದೂರದಲ್ಲಿ ಯಾರೋ ಸೀಟಿ ಹೊಡೆದ ಹಾಗೆ. ಅವಳ ಮುಖ ನೋಡಿದೆ. ಅವಳಿಗೂ ಕೇಳಿಸಿತ್ತು. ಸಾಹೇಬರು ಕ್ಯಾಮೆರಾ ಬಿಟ್ಟರು. ಕಲೆ ಇನ್ನೂ ಕಟ್ಟಿರಲಿಲ್ಲ, ಆದರೆ ತಂತುಗಳು ಕೆಂಪಾಗಿ ಊದಿದ್ದವು, ಅವುಗಳ ಕೆಳಗೂ ಬಾವು.

"ಕೂಗಿದೇನು?"

ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಜಗಳಾ?"

ಇಲ್ಲ.

ಸಿಸ್ಟರ್ ಬಸುವನ್ನು ಹೊರಗಿನಿಂದ ಕರೆದರು. ಬಸು ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತು, "ಇಲ್ರಿ ಸಾಹೇಬ್ರ, ನಮ್ಮಕ್ಕ ಮೌನಾನ ಐತ್ರಿ. ಬರೇ ತಲಿದಿಂಬಿಗೆ ಹೆಸರು ಇಡತೈತ್ರಿ" ಎಂದ.

"ಏನು?"

"ತಲಿದಿಂಬು ಕೂಸಂತ ಮಾಡ್ಕೊಂಡು, ಅದರ ಕಿವಿಯಾಗ ಕುರ್ರ್ ಅಂತೈತ್ರಿ. ಮುಂಜಾನಿಂದ ಸಂಜಿತನ. ರೂಢಿ ಆಗ್ಲಿ ಅಂತ. ಜೋರ ಅನ್ನಂಗಿಲ್ರಿ, ಪಿಸಪಿಸ ಅಂತೈತ್ರಿ."

ಸಾಹೇಬರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಅವರು ಮರೆತ ದಾರಿ ಅದೇ. ಪಿಸುಮಾತೆಂದರೆ ಮೆಲ್ಲಗಿನ ಮಾತು, ಗಂಟಲಿಗೆ ಹಗುರ ಎಂದು ನಾವೆಲ್ಲ ತಿಳಿಯುತ್ತೇವೆ. ಹಾಗಲ್ಲ. ಪಿಸುಗುಟ್ಟುವಾಗ ಗಂಟಲು ಬಿಗಿಹಿಡಿಯುತ್ತದೆ, ಒಣ ಗಾಳಿ ತಂತುಗಳನ್ನು ಉಜ್ಜುತ್ತದೆ. ಅದರಲ್ಲೂ ಕುರ್ರ್ ಎನ್ನಲು ಇಡೀ ಗಂಟಲನ್ನು ಕೆರೆಯಬೇಕು. ಹುಬ್ಬಳ್ಳಿಯ ಯಾವ ಡಾಕ್ಟರಿಗೂ, ಆ ನಳಿಗೆ ಮಾಡಿದ ಪರದೇಶದವರಿಗೂ, ಒಬ್ಬ ಹೆಂಗಸು ತಲೆದಿಂಬಿಗೆ ದಿನವಿಡೀ ಹೆಸರಿಡುತ್ತಾಳೆಂದು ಹೊಳೆಯುವುದು ಹೇಗೆ?

"ಇನ್ನ ಒಂದು ಅಕ್ಷರ ಬ್ಯಾಡ" ಎಂದರು ಸಾಹೇಬರು. "ಔಷಧಿ ಕೊಡ್ತೀನಿ. ಬಾವು ಇಳದ್ರ ತೊಟ್ಟಲದ ದಿನ ಒಂದ ಸಲ ಹೆಸರು ಹೇಳು. ಪಿಸುಗುಡಂಗಿಲ್ಲ, ಕುರ್ರ್ ಅನ್ನಂಗಿಲ್ಲ. ತೂತಿಗೆ ಬೆರಳಿಟ್ಟು ಸಾದಾ ದನಿಲೆ. ಇಳೀಲಿಲ್ಲಂದ್ರ ಇಟಗಿಗೆ ಹೋಗೂದ ಬ್ಯಾಡ."

ರೇಣವ್ವ ಮತ್ತೆ ಚಪ್ಪಾಳೆಗೆ ಬಂದಳು. ದವಾಖಾನೆಯಲ್ಲಿಯೇ ಮಂಚ ಕೊಟ್ಟು ಇಟ್ಟುಕೊಂಡೆವು. ಆ ದಿನಗಳಲ್ಲಿ ನಾನು ಕೋಣೆಗೆ ಹೋದಾಗಲೆಲ್ಲ ಮೊದಲು ಬಾಗಿಲಲ್ಲಿ ನಿಂತು ಅವಳ ಉಸಿರು ಕೇಳುತ್ತಿದ್ದೆ. ಅವಳು ನನ್ನ ಮುಖದಲ್ಲಿ ಉತ್ತರ ಹುಡುಕುತ್ತಿದ್ದಳು.

ನಡುವೆ ಇಟಗಿಯಿಂದ ಬಸುವಿನ ಅತ್ತೆ ಫಕೀರವ್ವ ನೋಡಲು ಬಂದರು. ಕೂಸಿನ ಅಜ್ಜಿ. ಒಳ್ಳೆಯ ಹೆಂಗಸು, ಸಜ್ಜೆ ರೊಟ್ಟಿ, ಬೆಣ್ಣೆ ಕಟ್ಟಿಕೊಂಡು ಬಂದಿದ್ದರು. ರೇಣವ್ವನ ಕೈ ಹಿಡಿದು ಕುಳಿತು ಬಹಳ ಹೊತ್ತು ಬೇರೆ ಮಾತಾಡಿ, ಕೊನೆಗೆ ಹೇಳಿದರು:

"ಹೆಸರು ಇಡೂದು ಬಸುನ ಕಾಕಾನ ಮಗಳು ಇಡ್ಲಿ ಬಿಡವಾ. ಅಕೀನೂ ಅತ್ತೀನ. ನಿನಗ್ಯಾಕ ತ್ರಾಸು?" ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಅಕ್ಕಾರ, ಕುತಗ್ಯಾಗ ತೂತು ಐತಿ. ಹೆಸರು ಕೂಸಿನ ಕಿವಿಗೆ ಹೋಗೂದ ಬಿಟ್ಟು ತೂತಿನಾಗಿಂದ ಹೊರಗ ಹೋತಂದ್ರ? ಮೊದಲನೇ ಮೊಮ್ಮಗಳ್ರೀ" ಎಂದರು.

ರೇಣವ್ವ ಚಪ್ಪಾಳೆ ಹೊಡೆಯಲಿಲ್ಲ. ಕೈ ಬಿಡಿಸಿಕೊಂಡು ಗೋಡೆಯ ಕಡೆ ಹೊರಳಿದಳು. ಅವಳು ಮಾತಾಡುವಂತಿದ್ದರೆ ಜಗಳ ಮುಗಿಯದೆ ಫಕೀರವ್ವನವರಿಗೆ ಅವತ್ತು ಬಸ್ಸು ಸಿಗುತ್ತಿರಲಿಲ್ಲ. ಉತ್ತರ ಕೊಡಬೇಕಾದವಳು ನಾನೇ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಬೆರಳು ಇಟ್ರ ಗಾಳಿ ಹೊರಗ ಬರಂಗಿಲ್ರಿ" ಎಂದೆ. "ಹೆಸರೂ ಬರಂಗಿಲ್ಲ. ನಾ ಜೋಡಿ ಬರ್ತೀನಿ. ನಾ ನೋಡ್ಕೋತೀನಿ."

"ನೀವು ಬರ್ತೀರಿ?" ಎಂದು ಫಕೀರವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೋಣೆಯ ಮೂಲೆಯಲ್ಲಿದ್ದ ಸಿಸ್ಟರೂ ನೋಡಿದರು. "ಬರ್ತಾಳ" ಎಂದರು ಸಿಸ್ಟರ್. "ರಜಾ ನಾ ಕೊಡಸ್ತೀನಿ." ಫಕೀರವ್ವ ಹೋದ ಮೇಲೆ ನನಗೆ, "ಅಲ್ಲಿ ಹೋಗಿ ಅಡಗಿಮನಿ ಹೊಕ್ಕು ಕುಂತಿ ಅಂದ್ರ ನೋಡು ಮತ್ತ" ಎಂದರು.

ತೊಟ್ಟಿಲ ದಿನದ ಬೆಳಿಗ್ಗೆ ಸಾಹೇಬರು ಕ್ಯಾಮೆರಾ ಬಿಟ್ಟು ನೋಡಿದರು. ಬಾವು ಇಳಿದಿತ್ತು, ಪೂರ್ತಿ ಅಲ್ಲ. "ಒಂದ ಸಲ" ಎಂದು ಬೆರಳೆತ್ತಿ ತೋರಿಸಿದರು. ನಾವು ಹೊರಡುವಾಗ ಮತ್ತೆ ಕರೆದು, "ಬೆನ್ನಿಗೆ ಗುದ್ದಂಗಿಲ್ಲ. ಕೆಮ್ಮು ಎದ್ದರ ಎಲ್ಲಾ ಕೆಡತೈತಿ. ಅಲ್ಲಿ ಮಂದಿಗೆ ನೀನ ಹೇಳಬೇಕು, ಗಿರಿಜವ್ವ" ಎಂದರು.

ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಒಂದೇ ಮಾತನ್ನು ಮತ್ತೆ ಮತ್ತೆ ಅಂದುಕೊಂಡೆ. ಯವ್ವಗಳಿರಾ, ಇಕಿ ಬೆನ್ನಿಗೆ ಯಾರೂ ಗುದ್ದಬ್ಯಾಡ್ರಿ, ಡಾಕ್ಟರ್ ಸಾಹೇಬ್ರು ಹೇಳ್ಯಾರ. ಇಷ್ಟೇ. ಪಕ್ಕದಲ್ಲಿ ರೇಣವ್ವ ಕೆಂಪಂಚಿನ ಕುತ್ತಿಗೆಪಟ್ಟಿಯನ್ನು ಸರಿಮಾಡಿಕೊಳ್ಳುತ್ತ ನನ್ನ ತುಟಿಯನ್ನೇ ನೋಡುತ್ತಿದ್ದಳು. ಸೂಡಿ ದಾಟಿದ ಮೇಲೆ ನನ್ನ ಮೊಣಕೈ ತಿವಿದು, ತಲೆದಿಂಬಿನ ಹಾಗೆ ಎರಡು ಕೈ ಮಡಚಿ ತೋರಿಸಿ ನಕ್ಕಳು. ನಾನೂ ಅವಳ ಹಾಗೆ ರೂಢಿ ಮಾಡಿಕೊಳ್ಳುತ್ತಿದ್ದೇನೆ ಎಂದು ಅದರ ಅರ್ಥ.

ಇಟಗಿಯ ಮನೆ ಹೆಂಗಸರಿಂದ ತುಂಬಿತ್ತು. ಮಾಳಿಗೆಯ ತೊಲೆಗೆ ತೊಟ್ಟಿಲು ಕಟ್ಟಿ ಹೊಸ ಕೌದಿ ಹಾಸಿದ್ದರು. ಜೋಗುಳ ಹಾಡಿದರು. ಕಾಕಾನ ಮಗಳು ಹೊಸ ಸೀರೆ ಉಟ್ಟು ತೊಟ್ಟಿಲ ಆಚೆ ಸಿದ್ಧವಾಗಿಯೇ ನಿಂತಿದ್ದಳು. ಬಸು ಬಾಗಿಲಿನಿಂದಲೇ, "ನಮ್ಮಕ್ಕ ಇಡತೈತಿ" ಎಂದ. ಅದೊಂದೇ ಮಾತು. ಕಾಕಾನ ಮಗಳು ಪಕ್ಕಕ್ಕೆ ಸರಿದಳು.

ರೇಣವ್ವ ತೊಟ್ಟಿಲ ಹತ್ತಿರ ಹೋದಳು. ಹೆಂಗಸರು ಸುತ್ತ ನೆರೆದರು. ಬಳೆಗಳನ್ನು ಮೇಲೇರಿಸಿಕೊಳ್ಳುವವರು, "ಹಾವಿಗೇ ಹೆದರದಾಕಿ, ಗಟ್ಟಿ ಗುದ್ರಿ" ಎಂದು ನಗುವವರು. ಈಗಲೇ ಹೇಳಬೇಕು. ನಾನು ಬಾಯಿ ತೆರೆದೆ. ಅಷ್ಟೊಂದು ಮುಖಗಳು ಒಮ್ಮೆಲೇ ನನ್ನ ಕಡೆ ತಿರುಗಿದವು. ಬಸ್ಸಿನಲ್ಲಿ ಅಷ್ಟು ಸಲ ಅಂದುಕೊಂಡ ಮಾತು ಹೊರಬೀಳಲಿಲ್ಲ. "ಯವ್ವಗಳಿರಾ" ಎಂದೆನೇನೋ, ಅದು ನನಗೇ ಕೇಳಿಸಲಿಲ್ಲ. ಅವರು ಮತ್ತೆ ತೊಟ್ಟಿಲ ಕಡೆ ತಿರುಗಿದರು.

ರೇಣವ್ವ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಬಾಗಿದಳು.

"ಭೀಮವ್ವ" ಎಂದಳು.

ಪಿಸುಮಾತಲ್ಲ, ಕೂಗೂ ಅಲ್ಲ. ಒರಟಾದ, ಸಾದಾ ದನಿ. ತೊಟ್ಟಿಲ ಆಚೆಯವರಿಗೂ ಕೇಳಿಸಿತು. ಕೂಸು ಕಣ್ಣು ತೆರೆದು ಆ ದನಿ ಬಂದ ಕಡೆ ನೋಡಿತು.

ಕೈಗಳು ಮೇಲೆದ್ದವು. ನಾನು ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತಾಗುವ ಮೊದಲೇ ರೇಣವ್ವನ ಹಿಂದೆ ಹೋಗಿ, ಎರಡೂ ಕೈಗಳಿಂದ ತೊಟ್ಟಿಲ ಹಗ್ಗ ಹಿಡಿದು, ಅವಳ ಬೆನ್ನು ಮುಚ್ಚುವಂತೆ ಅವಳ ಮೇಲೆ ಬಾಗಿ ನಿಂತೆ. ಗುದ್ದು ಬಿದ್ದವು. ಮೊದಲಿನವು ಗೊತ್ತಿಲ್ಲದೆ ಬಿದ್ದವು. ಆಮೇಲೆ ಯಾರೋ, "ಏ, ಇದು ದವಾಖಾನಿ ಅಕ್ಕಾರ ಬೆನ್ನ ಬೇ!" ಎಂದರು. ಒಂದು ಗಳಿಗೆ ಎಲ್ಲ ನಿಂತಿತು.

ಆಗ ದನಿ ಬಂತು ನನಗೆ. ಬಾಗಿಕೊಂಡೇ, "ಅಕೀಗೆ ಕೆಮ್ಮು ಬರಬಾರದ್ರಿ. ಅಕೀ ಪಾಲಿಂದು ನನಗ ಹಾಕ್ರಿ" ಎಂದೆ.

ಹೆಂಗಸರು ಹೋ ಎಂದು ನಕ್ಕರು. ಆಮೇಲೆ ಬಿದ್ದವು ನೋಡಿ, ಒಂದೂ ಉಳಿಸದೆ. ಎಲ್ಲಕ್ಕಿಂತ ಕೊನೆಗೆ ಬಿದ್ದದ್ದು ಬಹಳ ಜೋರಾಗಿತ್ತು. ತಿರುಗಿ ನೋಡಿದರೆ ಫಕೀರವ್ವ. ಕೈ ಇನ್ನೂ ಮೇಲಿತ್ತು, ಕಣ್ಣಲ್ಲಿ ನೀರು. "ಕಿವಿಗೇ ಹೋತ್ರಿ ಅಕ್ಕಾರ" ಎಂದರು. "ನಾ ನೋಡಿದೆ. ಕೂಸು ಹೊಳ್ಳಿ ನೋಡ್ತು."

ಸಂಜೆಯ ಬಸ್ಸಿನಲ್ಲಿ ನಾನು ಸೀಟಿಗೆ ಒರಗದೆ ಮುಂದೆ ಬಾಗಿ ಕುಳಿತಿದ್ದೆ. ರೇಣವ್ವ ನನ್ನ ಬೆನ್ನು ಸವರುತ್ತಿದ್ದಳು. ದವಾಖಾನೆಯಲ್ಲಿ ಸಿಸ್ಟರ್ ಎಣ್ಣೆ ಬಿಸಿಮಾಡಿ ತಿಕ್ಕುತ್ತ, "ಇಷ್ಟು ವರ್ಷದಾಗ ನಾ ಕೊಡಬೇಕಂದಿದ್ದು ಇಟಗಿ ಮಂದಿ ಕೊಟ್ಟು ಕಳಿಸ್ಯಾರ" ಎಂದರು. ಕೈ ಮಾತ್ರ ಮೆತ್ತಗಿತ್ತು.

ಬಾವು ಪೂರ್ತಿ ಇಳಿಯಿತು. ಕುತ್ತಿಗೆಯ ತೂತು ಮುಚ್ಚಿ, ಈಗ ಅಲ್ಲಿ ಹೊಕ್ಕುಳಿನಂಥ ಒಂದು ಗುರುತು ಇದೆ. ಸಾಹೇಬರು ಬಹಳ ದಿನ ಬಿಟ್ಟು ಬಿಟ್ಟು ಕ್ಯಾಮೆರಾ ಹಾಕಿ ನೋಡುತ್ತಿದ್ದರು, ಪ್ರತಿ ಸಲವೂ ನನ್ನನ್ನು ಟೀವಿಯ ಹತ್ತಿರ ಕರೆಯುತ್ತಿದ್ದರು. ಬಿಳಿಯ ಬಾಗಿಲು ತೆರೆಯುತ್ತಿತ್ತು, ಅದರಾಚೆ ದಾರಿ ಕಾಣುತ್ತಿತ್ತು. ಎಲ್ಲರಿಗೂ ಹೀಗಾಗುವುದಿಲ್ಲ, ಸವಿತಾ. ಕೆಲವರಿಗೆ ಮತ್ತೆ ಮತ್ತೆ ಕಟ್ಟಿತು, ಕೆಲವರು ನಳಿಗೆಯೊಂದಿಗೇ ಉಳಿದರು. ನೀನು ಅಂಥವರ ಕೋಣೆಗೆ ಹೋದಾಗ ಮೊದಲು ಬಾಗಿಲಲ್ಲಿ ನಿಂತು ಉಸಿರು ಕೇಳು. ಮಾತು ಆಮೇಲೆ.

ಭೀಮವ್ವ ಈಗ ಸಾಲೆಗೆ ಹೋಗುತ್ತಾಳೆ. ಹೋದ ಅಮಾವಾಸ್ಯೆಯ ದಿನ ರೇಣವ್ವ ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಹುಡುಗಿ ಓಣಿಯ ತುದಿಗೆ ಓಡಿಹೋದಳು. ರೇಣವ್ವ ಕಟ್ಟೆಯ ಮೇಲೆ ನಿಂತು ದೊಡ್ಡಪ್ಪನ ದನಿಯಲ್ಲಿ "ಭೀಮವ್ವಾ" ಎಂದು ಕರೆದಳು. ಓಣಿಯ ಆ ತುದಿಯಿಂದ ಹುಡುಗಿ ತಿರುಗಿ ನೋಡಿದಳು. ಬೆನ್ನಿನ ಆ ಜಾಗಕ್ಕೆ ನನ್ನ ಕೈ ತಾನಾಗಿ ಹೋಯಿತು.